ಮಾರ್ಗಶಿರದ ಕೌದಿ

ಬೆಳಗಿನ ಬೆಳಕು ಕಿಟಕಿಯಿಂದ ಒಳಗೆ ಬಂದು ತೊಟ್ಟಿಲನ್ನು ಮುಟ್ಟುತ್ತಿದ್ದಂತೆ ಕೂಸಿನ ಮೇಲೆ ಹೊದಿಸಿದ್ದ ಕೌದಿ ಮೆಲ್ಲಗೆ ಉಬ್ಬಿತು. ಕೋಣೆಯಲ್ಲಿ ಗಾಳಿಯಿರಲಿಲ್ಲ, ಯಾರೂ ಅದನ್ನು ಮುಟ್ಟಿರಲಿಲ್ಲ. ಮೊದಲು ನೀಲಿ ಪಟ್ಟೆಯ ತುಂಡು ದಪ್ಪಗಾಯಿತು, ಆಮೇಲೆ ಅದರ ಪಕ್ಕದ ಹಸಿರು ಸೀರೆಯ ತುಂಡು, ಕೊನೆಗೆ ಅಂಚು. ಕೂಸಿನ ಕುತ್ತಿಗೆಯ ಸುತ್ತ ಇದ್ದ ಸಂದುಗಳನ್ನೆಲ್ಲ ಅದು ತಾನಾಗಿ ಮುಚ್ಚಿತು. ಯಾರೋ ಬಂದು ಹೊದಿಕೆ ಸರಿಮಾಡಿ ಹೋದ ಹಾಗಿತ್ತು.

ತೊಟ್ಟಿಲ ಬಳಿ ನಿಂತಿದ್ದ ಬಾಣಂತಿ ಆದ್ಯಾ ಹಿಂದೆ ಸರಿದಳು. "ಅವ್ವಾ, ನೋಡಿಲ್ಲಿ. ಮತ್ತ ಶುರು ಆತು."

ಅವಳ ತಾಯಿ ಶೋಭಕ್ಕ ಮಾತ್ರ ಕದಲಲಿಲ್ಲ. "ನಿಮ್ಮಪ್ಪ ಏಳೋ ಹೊತ್ತು ಇದು," ಎಂದಳು. ಬಟ್ಟೆ ಅಂಗಡಿ ಇಟ್ಟಿದ್ದ ಆದ್ಯಾಳ ಅಪ್ಪ ವೀರೇಶ ತೀರಿಕೊಂಡು ಆಗಲೇ ಐದಾರು ವರ್ಷವಾಗಿತ್ತು.

ಗದಗ-ಬೆಟಗೇರಿಯ ಆ ಮನೆಯಲ್ಲಷ್ಟೇ ಅಲ್ಲ, ಇಡೀ ಊರಿನಲ್ಲಿ ಆ ಹೊತ್ತಿಗೆ ಬಟ್ಟೆಗಳು ಕದಲುತ್ತಿದ್ದವು. ಹಾಲು ತರಲು ಹೋದವರ ಅಂಗಿ, ಅಂಗಳ ಗುಡಿಸುವವರ ಸೀರೆ, ಶಾಲೆಯ ಮಕ್ಕಳ ಸಮವಸ್ತ್ರ, ಎಲ್ಲವೂ ಬಿಸಿಲೇರುವುದನ್ನು ಗಮನಿಸುತ್ತ ತಮ್ಮಷ್ಟಕ್ಕೆ ಸಡಿಲವಾಗುತ್ತಿದ್ದವು. ಅದು ಯಾರಿಗೂ ವಿಚಿತ್ರವೆನಿಸುತ್ತಿರಲಿಲ್ಲ. ಎಲ್ಲರೂ ಉಡುತ್ತಿದ್ದದ್ದು ಋತುವಸ್ತ್ರ. ಕಂಪನಿಯವರು ಇಟ್ಟ ಹೆಸರು ಅದು. ಊರ ಮಂದಿ ಅದನ್ನು ಬಾರಾಮಾಸಿ ಎಂದು ಕರೆದರು, ಹನ್ನೆರಡು ತಿಂಗಳಿಗೂ ಒಂದೇ ಬಟ್ಟೆ ಎಂಬ ಅರ್ಥದಲ್ಲಿ.

ಅದರ ಗುಟ್ಟು ಅಷ್ಟೇನೂ ತೊಡಕಿನದಲ್ಲ. ಒಂದೊಂದು ಎಳೆಯೂ ಎರಡು ಪದರದ್ದು. ಚಳಿಯಾದರೆ ಒಂದು ಪದರ ಕುಗ್ಗಿ ಎಳೆ ಗುಂಗುರು ಕೂದಲಿನಂತೆ ಸುರುಳಿಯಾಗುತ್ತದೆ. ಸುರುಳಿಗಳ ನಡುವೆ ಗಾಳಿ ಸಿಕ್ಕಿಕೊಂಡು ಮೈಯ ಶಾಖ ಮೈಯಲ್ಲೇ ಉಳಿಯುತ್ತದೆ. ಸೆಕೆಯಾದರೆ ಎಳೆ ನೆಟ್ಟಗಾಗಿ ಬಟ್ಟೆಯ ರಂಧ್ರಗಳು ತೆರೆದುಕೊಳ್ಳುತ್ತವೆ. ಮಳೆ ಬಿದ್ದರೆ ನೀರು ಜಾರಿ ಹೋಗುತ್ತದೆ. ಇಷ್ಟನ್ನು ಬೇರೆ ದೇಶದವರೂ ಮಾಡಿದ್ದರು. ಧಾರವಾಡದ ಪ್ರಯೋಗಾಲಯದಲ್ಲಿದ್ದ ಡಾ. ನಿವೇದಿತಾ ಹೊಂಬಳ ಸೇರಿಸಿದ್ದು ನೆನಪನ್ನು. ಚಳಿ ಮೈಗೆ ತಾಗಿದ ಮೇಲೆ ಬಟ್ಟೆ ಎಚ್ಚರಗೊಂಡರೆ ಏನು ಬಂತು, ಅದಕ್ಕೆ ಮೊದಲೇ ಗೊತ್ತಾಗಬೇಕು ಎನ್ನುವುದು ಅವಳ ಹಟ. ಹಗಲು ಚಿಕ್ಕದಾಗುತ್ತ ಬಂದಾಗ ಸೇವಂತಿಗೆ ಗಿಡ ಮೊಗ್ಗು ಬಿಡುವುದಿಲ್ಲವೇ? ಹಾಗೆಯೇ ಹಗಲಿನ ಉದ್ದವನ್ನು ಅಳೆಯುವ ಒಂದು ಬಣ್ಣವನ್ನು ಅವಳು ಎಳೆಗೆ ಉಣಿಸಿದಳು. ತೊಟ್ಟವರ ಮೈ ಯಾವ ಮಾಸದಲ್ಲಿ, ಯಾವ ಹೊತ್ತಿನಲ್ಲಿ ನಡುಗಿತು, ಎಲ್ಲಿ ಬೆವರಿತು ಎಂಬುದನ್ನು ಬಟ್ಟೆ ಕಲಿಯುತ್ತ ಹೋಯಿತು. ಮುಂದಿನ ವರ್ಷ ಅದೇ ಹಗಲು ಬಂದಾಗ ಮೊದಲೇ ಸಿದ್ಧವಾಯಿತು. ತೊಡುವವರ ಮೈ ಬದಲಾದರೆ ಬಟ್ಟೆ ತನ್ನ ಪಾಠವನ್ನೂ ತಿದ್ದಿಕೊಳ್ಳುತ್ತಿತ್ತು.

ಬಾರಾಮಾಸಿ ಬರುವ ಮೊದಲು ಸಂಸಾರದ ಬಟ್ಟೆಯ ಖರ್ಚಿಗೂ ಒಂದು ಪಂಚಾಂಗವಿತ್ತು. ಯುಗಾದಿಗೆ ಮುಂಚೆ ತೆಳು ಹತ್ತಿ, ಶಾಲೆ ಶುರುವಾಗುವಾಗ ರೇನ್‌ಕೋಟು, ಕೊಡೆ, ದೀಪಾವಳಿ ಕಳೆದರೆ ಸ್ವೆಟರು, ಮಫ್ಲರು. ಮನೆಯ ಯಜಮಾನ ಗೊಣಗುತ್ತಿದ್ದ, ಯಜಮಾನಿ ಚೌಕಾಸಿ ಮಾಡುತ್ತಿದ್ದಳು, ಮಕ್ಕಳು ಅಳತೆ ಮೀರಿ ಬೆಳೆದು ಇಬ್ಬರಿಗೂ ಕೈಕೊಡುತ್ತಿದ್ದವು. ಹೊಸ ಬಟ್ಟೆ ಬಂದ ಮೇಲೆ ಈ ಎಲ್ಲ ಗೊಣಗಾಟ ನಿಂತಿತು. ಒಮ್ಮೆ ಕೊಂಡರೆ ವರ್ಷಗಟ್ಟಲೆ ಚಿಂತೆಯಿಲ್ಲ. ಉಳಿದ ಹಣದಲ್ಲಿ ಜನ ಏನು ಮಾಡಿದರು ಎಂದು ಕೇಳಬೇಡಿ, ಉಳಿದ ಹಣ ಎಂದೂ ಉಳಿಯುವುದಿಲ್ಲ.

ಕಂಪನಿಯದು ಒಂದೇ ಷರತ್ತು. ತೊಟ್ಟವರು ತೀರಿಕೊಂಡರೆ ಅವರ ಬಟ್ಟೆಗಳನ್ನು ಕೇಂದ್ರಕ್ಕೆ ಮರಳಿಸಬೇಕು. ಅಲ್ಲಿ ಅವುಗಳ ನೆನಪನ್ನು ತೊಳೆದು ಬೇರೆಯವರಿಗೆ ಕೊಡುತ್ತಾರೆ. ಷರತ್ತು ಬರೆದವರಿಗೆ ಈ ಸೀಮೆಯ ಮನೆಗಳು ಗೊತ್ತಿರಲಿಲ್ಲ. ಇಲ್ಲಿ ಹೋದವರ ಎಲ್ಲ ಬಟ್ಟೆಯನ್ನು ಯಾರೂ ಕೊಟ್ಟುಬಿಡುವುದಿಲ್ಲ. ಒಂದು ಸೀರೆ, ಒಂದು ಅಂಗಿ ಟ್ರಂಕಿನ ತಳದಲ್ಲಿ ಉಳಿಯುತ್ತದೆ. ಮಗಳು ಹೆರಿಗೆಗೆ ಬಂದಾಗ ಅದು ಹೊರಗೆ ಬರುತ್ತದೆ. ಮನೆಯ ಹಿರಿಯರ ಹಳೇ ಬಟ್ಟೆ ಕತ್ತರಿಸಿ, ತುಂಡಿಗೆ ತುಂಡು ಸೇರಿಸಿ, ಒತ್ತೊತ್ತಾಗಿ ದಾರ ಹಾಯಿಸಿ ಹೊಲಿದ ಕೌದಿಯಲ್ಲೇ ಕೂಸನ್ನು ಮೊದಲು ಮಲಗಿಸಬೇಕು. ಹಿರಿಯರು ಮೈಮೇಲೆ ಕೈಯಿಟ್ಟ ಹಾಗೆ ಎನ್ನುತ್ತಾರೆ.

ಶೋಭಕ್ಕನೂ ಹಾಗೆಯೇ ಮಾಡಿದಳು. ಟ್ರಂಕಿನಲ್ಲಿ ಗಂಡನ ನೀಲಿ ಪಟ್ಟೆಯ ಅಂಗಿಯಿತ್ತು, ಅತ್ತೆಯ ಹಸಿರು ಸೀರೆಯಿತ್ತು. ಎರಡೂ ಎಷ್ಟೋ ವರ್ಷದ ಹಿಂದೆ ಬಾರಾಮಾಸಿ ಊರಿಗೆ ಬಂದ ಹೊಸದರಲ್ಲಿ ಕೊಂಡವು, ಒಂದೆರಡು ಚಳಿಗಾಲ ಕಂಡು ಟ್ರಂಕು ಸೇರಿದವು. ಕೌದಿ ತಯಾರಾಗಿ ತೊಟ್ಟಿಲು ಸೇರಿತು. ಕೂಸು ಚೆನ್ನಾಗಿಯೇ ಇತ್ತು, ಮಾರ್ಗಶಿರ ಬರುವವರೆಗೆ.

ಆಮೇಲೆ ಜ್ವರ ಶುರುವಾಯಿತು. ಮುಖ ಕೆಂಪಾಗಿ, ಹಾಲು ಬಿಟ್ಟು, ಅಳುವುದಕ್ಕೂ ಶಕ್ತಿಯಿಲ್ಲದೆ ಕೂಸು ಸುಸ್ತಾಗಿ ಮಲಗುತ್ತಿತ್ತು. ಆಸ್ಪತ್ರೆಗೆ ಒಯ್ದರೆ ಜ್ವರ ಇಳಿಯುತ್ತಿತ್ತು. ರಕ್ತದಲ್ಲಿ ಸೋಂಕಿಲ್ಲ, ಎದೆಯಲ್ಲಿ ಕಫವಿಲ್ಲ. ಮನೆಗೆ ಬಂದ ಮರುದಿನ ಬೆಳಿಗ್ಗೆ ಮತ್ತೆ ಮೈ ಕಾದ ಹಂಚಾಗುತ್ತಿತ್ತು. ಕಳೆದ ಸಲ ಕೂಸಿಗೆ ಫಿಟ್ಸ್ ಬಂದಾಗ ಆದ್ಯಾ ಬೀದಿಯಲ್ಲೇ ಕೂಗಿಕೊಂಡಳು. ಆಗ ಮಕ್ಕಳ ಡಾಕ್ಟರು, "ಇನ್ನೊಮ್ಮೆ ಹಿಂಗಾದ್ರ ಕೂಸು ತಡಕೊಳ್ಳಾಂಗಿಲ್ಲ. ಮನ್ಯಾಗ ಅದಕ್ಕ ಏನು ಹೊಚ್ಚತೀರಿ?" ಎಂದು ಕೇಳಿದ. ಉತ್ತರ ಕೇಳಿ, ಮನೆಯವರಿಗೆ ಖಚಿತವಾಗಿ ಏನೂ ಹೇಳಲಾರದೆ, ಧಾರವಾಡಕ್ಕೆ ಫೋನು ಮಾಡಿದ. ಇಷ್ಟು ವರ್ಷದಲ್ಲಿ ತನ್ನ ಬಟ್ಟೆಯ ಮೇಲೆ ಬಂದ ಮೊದಲ ದೂರಿಗೆ ನಿವೇದಿತಾ ತಾನೇ ಹೊರಟು ಬಂದಳು.

ಅವಳು ಒಳಗೆ ಕಾಲಿಟ್ಟಾಗ ಬೆಳಕು ಆಗಷ್ಟೇ ಹರಿದಿತ್ತು. ಆದ್ಯಾ ಕೂಸನ್ನು ತೊಟ್ಟಿಲಿನಿಂದ ಎತ್ತಿಕೊಂಡು ಬಾಗಿಲಲ್ಲೇ ನಿಂತಿದ್ದಳು. ನಿವೇದಿತಾ ಕೂಸಿನ ಹಣೆ ಮುಟ್ಟಿ, "ತೆಳ್ಳಗಿನ ಹತ್ತಿ ಬಟ್ಟೆ ಏನರ ಅದ ಏನ್ರಿ? ಬಾರಾಮಾಸಿ ಬ್ಯಾಡ," ಎಂದಳು. ಶೋಭಕ್ಕ ಟ್ರಂಕು ತಡಕಿ ಒಂದು ಹಳೇ ಧೋತರ ತಂದಳು. ಅದರಲ್ಲಿ ಸುತ್ತಿದ ಕೂಸಿನ ಉಸಿರು ಸ್ವಲ್ಪ ಹೊತ್ತಿಗೆ ಹದಕ್ಕೆ ಬಂತು. ಆದ್ಯಾ ಗೋಡೆಗೊರಗಿ ಕುಳಿತು ಅತ್ತಳು.

ನಿವೇದಿತಾ ಖಾಲಿ ತೊಟ್ಟಿಲಲ್ಲಿ ಕೂಸಿನ ಮೈಯಷ್ಟೇ ಶಾಖ ಹೊಮ್ಮಿಸುವ ಒಂದು ಪುಟ್ಟ ಚೀಲವನ್ನಿಟ್ಟು ಮೇಲೆ ಕೌದಿ ಹೊದಿಸಿದಳು. ಮೂವರೂ ನೋಡುತ್ತಿದ್ದರು. ಕೌದಿ ತಡಮಾಡಲಿಲ್ಲ. ನೀಲಿ ಪಟ್ಟೆ ಉಬ್ಬಿತು, ಹಸಿರು ಉಬ್ಬಿತು, ಅಂಚು ಬಾಗಿ ಚೀಲದ ಸುತ್ತ ಬಿಗಿಯಿತು. ಒಳಗಿಟ್ಟ ಉಷ್ಣಮಾಪಕದ ಅಂಕಿ ಏರುತ್ತ ಹೋಗಿ ಕೆಂಪು ದೀಪ ಹತ್ತಿತು. ಆಮೇಲೆ ಸ್ವಲ್ಪ ಹೊತ್ತಿಗೆ ನೀಲಿಯ ತುಂಡು ಭುಜ ಸಡಿಲಿಸಿದ ಹಾಗೆ ಇಳಿದು ಮತ್ತೆ ಏರಿತು.

"ಈಗ ಅಂಗಡಿ ಬಾಗಲಾ ಎತ್ಯಾರ," ಎಂದಳು ಶೋಭಕ್ಕ, ಗೋಡೆಯ ಗಡಿಯಾರ ನೋಡುತ್ತ. "ಗಂಟು ಒಳಗ ಒಯ್ಯುವಾಗ ಮೈ ಬಿಸಿ ಆಗ್ತಿತ್ತು. ಆಮ್ಯಾಲೆ ಗಲ್ಲಾದ ಮ್ಯಾಲೆ ಕುಂತ್ರ ಮತ್ತ ಥಂಡಿ."

ನಿವೇದಿತಾ ತೊಟ್ಟಿಲ ಮೇಲೆ ಬಾಗಿದಳು. ತನ್ನ ಎಳೆಗಳು ಹೀಗೆ ನಡೆದುಕೊಳ್ಳುತ್ತವೆ ಎಂದು ಬರೆದವಳೇ ಅವಳು. ಆದರೂ ಸತ್ತ ಮನುಷ್ಯನೊಬ್ಬ ತೊಟ್ಟಿಲಲ್ಲಿ ಮಲಗಿ ತನ್ನ ದಿನಚರಿ ನಡೆಸುವುದನ್ನು ನಿಂತು ನೋಡುವುದು ಬೇರೆ.

"ಟ್ರಂಕಿನ ಕತ್ತಲದಾಗ ಇದಕ್ಕ ಹಗಲು ಕಾಣಲಿಲ್ಲ, ಹಂಗಾಗಿ ಮಲಗಿಬಿಡ್ತು," ಎಂದು ಅವಳು ವಿವರಿಸಿದಳು. "ಬೆಳಕಿಗೆ ಬಂದ ಮ್ಯಾಲೆ ಎಚ್ಚರಾತು. ಹಗಲು ಸಣ್ಣ ಆಗೋದು ನೋಡಿ ಮಾರ್ಗಶಿರ ಅಂತ ತಿಳಕೊಂಡು, ಅವತ್ತಿನ ಥಂಡಿಗೆ ಎಷ್ಟು ಬೇಕೋ ಅಷ್ಟು ಬೆಚ್ಚಗ ಮಾಡ್ಲಿಕತ್ತದ. ದೊಡ್ಡವರ ಮೈ ಇದ್ರ ಬೆವತು ತಿದ್ದತಿತ್ತು. ಹಸುಗೂಸಿನ ಮೈಗೆ ಸರಿಯಾಗಿ ಬೆವರಲಿಕ್ಕೂ ಬರೂದಿಲ್ಲ."

"ನಾ ಕೈ ಇಟ್ರ ಅವರ ಕೈ ಇದ್ದಾಂಗ ಬೆಚ್ಚಗ ಹತ್ತತೈತ್ರಿ."

"ಅದು ನಿಮ್ಮ ಕೈಯ ಬಿಸೀನ ರೀ. ಅದನ್ನ ಹಿಡಿದು ನಿಮಗ ವಾಪಸ್ ಕೊಡ್ತದ, ಅಷ್ಟ."

"ಇದ್ದಾಗೂ ಅಷ್ಟ ಮಾಡ್ತಿದ್ರು ಬಿಡ್ರಿ," ಎಂದು ಶೋಭಕ್ಕ ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಿವೇದಿತಾ ಚೀಲದಿಂದ ಪೆನ್ನಿನಷ್ಟು ದಪ್ಪದ ಒಂದು ಕಡ್ಡಿ ತೆಗೆದಳು. ಎಳೆಯ ತಿರುಚನ್ನು ಓದಿ, ಬಟ್ಟೆ ಯಾವ ಚಳಿಗೆ ಸಿದ್ಧವಾಗುತ್ತಿದೆ ಎಂದು ಅದು ಹೇಳುತ್ತಿತ್ತು. ನೀಲಿ ತುಂಡಿನ ಮೇಲೆ ಇಟ್ಟಾಗ ಬಂದ ಅಂಕಿ ಹದಿನಾಲ್ಕು ಡಿಗ್ರಿ. ಕಿಟಕಿಯ ಹೊರಗೆ ಆ ಹೊತ್ತಿನಲ್ಲಿ ಇಪ್ಪತ್ಮೂರು ಇತ್ತು. ಕಡ್ಡಿ ಕೆಟ್ಟಿರಬೇಕೆಂದು ಅವಳು ಹಸಿರು ಸೀರೆಯ ತುಂಡಿನ ಮೇಲೆ ಇಟ್ಟು ನೋಡಿದಳು. ಅಲ್ಲೂ ಹದಿನಾಲ್ಕೇ ಬಂತು. ಅತ್ತೆಗೂ ಮಗನಿಗೂ ಮಾತು ಕೂಡುತ್ತಿದ್ದದ್ದು ಕಡಿಮೆ ಎಂದು ಶೋಭಕ್ಕ ಆಮೇಲೆ ಹೇಳಿದಳು. ಈ ಒಂದು ವಿಷಯದಲ್ಲಿ ಇಬ್ಬರೂ ಒಂದೇ ಮಾತು ಹೇಳುತ್ತಿದ್ದರು.

"ಆಗ ಇಷ್ಟು ಥಂಡಿ ಇತ್ತೇನ್ರಿ ಇಲ್ಲೆ?" ನಿವೇದಿತಾ ಕೇಳಿದಳು.

ಶೋಭಕ್ಕ ಹಸಿರು ತುಂಡಿನ ಮೇಲೆ ಕೈಯಾಡಿಸಿದಳು. "ನೆನಪಿಲ್ರಿ. ಮೈಮ್ಯಾಲೆ ಬಾರಾಮಾಸಿ ಇತ್ತಲ್ರಿ."

ಹವಾಮಾನ ಇಲಾಖೆಯ ಅಂಕಿಗಳು ಇರಲಿಲ್ಲವೇ? ಇದ್ದವು. ದಿನವೂ ಎಲ್ಲರ ಫೋನಿನಲ್ಲೂ ಬರುತ್ತಿದ್ದವು. ಮೈಗೆ ತಾಗದ ಅಂಕಿಯನ್ನು ಯಾರು ನೋಡುತ್ತಾರೆ? ನಿವೇದಿತಾ ಕೂಡ ಆ ನಕ್ಷೆಗಳನ್ನು ಸಭೆಗಳಲ್ಲಿ ನೋಡಿ ತಲೆದೂಗಿ ಚಹಾ ಕುಡಿದು ಬಂದವಳೇ. ನಕ್ಷೆಯಲ್ಲಿ ಗೆರೆ ಏರಿದರೆ ಮೈ ಬೆವರುವುದಿಲ್ಲ. ಈಗ ಕೆಂಪು ಮುಖದ ಕೂಸೊಂದು ಅದೇ ಗೆರೆಯನ್ನು ತನ್ನ ಮೈಯಲ್ಲಿ ತೋರಿಸಿತ್ತು.

"ಬಾರಾಮಾಸಿ ಮಾಡಿದವರು ನೀವ ಅಂತ ಡಾಕ್ಟರು ಹೇಳಿದ್ರು," ಎಂದಳು ಶೋಭಕ್ಕ. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಹಳೆಯ ನೋವಿತ್ತು. "ನಮ್ಮ ಅಂಗಡಿ ಮುಚ್ಚಿಸಿದವರೂ ನೀವ ಅಂದಂಗಾತು. ನನ್ನ ಹೆಸರಿನ ಅಂಗಡಿ ಇತ್ರಿ, ಶೋಭಾ ಡ್ರೆಸಸ್. ಇವರು ವೈರಿ ಹ್ಯಾಂಗ ಅದಾನ ನೋಡೂಣು ಅಂತ ಹೇಳಿ ಈ ಅಂಗಿ ತಾವ ತಂದು ಎರಡು ಚಳಿಗಾಲ ಹಾಕ್ಕೊಂಡ್ರು. ಅಂಗಡಿ ಮುಚ್ಚಿದ ದಿನ ಬಿಚ್ಚಿ ಟ್ರಂಕಿನ್ಯಾಗ ಒಗದ್ರು. ಮುಂದ ಸಾಯೂತನ ಹತ್ತಿ ಅಂಗೀನ ಹಾಕಿದ್ರು. ಊರಾಗ ಎಲ್ಲಾರೂ ನಕ್ಕರು."

"ಮತ್ತ ಚಳಿಗಾಲದಾಗ?"

"ಹಂಗ ಇರ್ತಿದ್ರು. 'ನಂಗೇನು ಥಂಡಿ ಹತ್ತವಲ್ದು' ಅಂತಿದ್ರು. ಹಟ ಅಂದ್ಕೊಂಡಿದ್ದೆ ನಾ."

ನಿವೇದಿತಾ ತಲೆಯೆತ್ತಿದಳು.

ಶೋಭಕ್ಕ ಅಟ್ಟದ ಕಡೆ ಕೈ ತೋರಿಸಿದಳು. ಅಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ದೊಡ್ಡ ಗಂಟಿತ್ತು. "ಕಡೀ ಮಾಲು. ಎಲ್ಲಾ ಸ್ವೆಟರ. ನಿಮ್ಮ ಬಾರಾಮಾಸಿ ಅರಬೀನ ತಿಂತು ಇದನ್ನ ಅಂತ ದಿನಾ ಬೈತಿದ್ರು. ಆದ್ರ ಖರೇ ಹೇಳ್ಬೇಕಂದ್ರ, ಬಾರಾಮಾಸಿ ಊರಿಗೆ ಬರೂಕಿಂತ ಮೊದಲ ಮಾಲು ಉಳಿಯಾಕ ಹತ್ತಿತ್ರಿ. ಬಸ್‌ಸ್ಟ್ಯಾಂಡಿನ ಬಯಲಾಗ ಸ್ವೆಟರ್ ಮಾರಾಕ ಟಿಬೆಟಿನ ಮಂದಿ ಬರ್ತಿದ್ರಲ್ಲ, ಅವರೂ ನೊಣಾ ಹೊಡಕೋತ ಕುಂತು ಲಗೂನ ಗಂಟು ಕಟ್ಟಿದ್ರು. ಯಾಕ ಅಂತ ಕೇಳಲಿಲ್ಲ ಯಾರೂ. ಮುಂದ ನಿಮ್ಮ ಅರಬಿ ಬಂತು. ಕಾರಣ ಸಿಕ್ತು."

ಕಾರಣ ಸಿಕ್ಕಿತು. ಆ ಮಾತು ನಿವೇದಿತಾಳಿಗೆ ಚುಚ್ಚಿತು. ಸ್ವೆಟರುಗಳ ಮಾರಾಟ ವರ್ಷದಿಂದ ವರ್ಷಕ್ಕೆ ಕುಸಿದದ್ದನ್ನು ಅವಳು ಎಷ್ಟು ವೇದಿಕೆಗಳಲ್ಲಿ ತೋರಿಸಿರಲಿಲ್ಲ? ನೋಡಿ, ಜನ ಚಳಿಗೆಂದು ಬೇರೆ ಬಟ್ಟೆ ಕೊಳ್ಳುವುದನ್ನೇ ಬಿಟ್ಟರು, ಇದು ನಮ್ಮ ಗೆಲುವು ಎಂದು ಚಪ್ಪಾಳೆ ಗಿಟ್ಟಿಸಿದ್ದಳು. ಅದೇ ಕುಸಿತವನ್ನು ತೋರಿಸಿ ವೀರೇಶ ಅವಳನ್ನು ಬೈದಿದ್ದ. ಹೊಗಳಿದವರೂ ಬೈದವರೂ ಒಂದೇ ಕಾರಣ ನಂಬಿದ್ದರು. ಚಳಿಯೇ ಊರು ಬಿಟ್ಟು ಹೋಗುತ್ತಿದೆ ಎಂದು ಮೊದಲು ಗೊತ್ತುಮಾಡಿಕೊಳ್ಳಬೇಕಾದದ್ದು ಮನೆಯೊಡತಿಯ ಪರ್ಸು. ಬೇಕಿಲ್ಲದ ಸ್ವೆಟರಿಗೆ ಅದು ತೆರೆದುಕೊಳ್ಳುತ್ತಿರಲಿಲ್ಲ, ಆಗ ಮನೆಮನೆಯಲ್ಲೂ ಪ್ರಶ್ನೆ ಏಳುತ್ತಿತ್ತು. ಆ ಪ್ರಶ್ನೆ ಏಳುವ ಮೊದಲೇ ಬಾರಾಮಾಸಿ ಉತ್ತರವಾಗಿ ಬಂದು ನಿಂತಿತ್ತು.

ತೊಟ್ಟಿಲಲ್ಲಿ ಕೌದಿ ಇನ್ನೂ ಏರಿಳಿಯುತ್ತಿತ್ತು. ಆದ್ಯಾ ಸೈರಣೆ ಕಳೆದುಕೊಂಡಳು. "ಅದನ್ನ ಮೊದಲ ಹೊರಗ ಒಯ್ರಿ. ಇಲ್ಲಾ ಸುಟ್ಟುಬಿಡ್ರಿ. ನನ್ನ ಕೂಸು ಹೋಗ್ತಿತ್ತು."

"ಸುಡೋದು ಬ್ಯಾಡ," ಎಂದಳು ನಿವೇದಿತಾ. "ನೆನಪು ತೊಳಿಬಹುದು. ಒಂದು ದ್ರಾವಣದಾಗ ಅದ್ದಿದ್ರ ಎಳಿ ಎಲ್ಲಾ ಮರೀತಾವ. ಆಮ್ಯಾಲೆ ಅದು ಬರೇ ಕೌದಿ. ಕೂಸಿಗೆ ಹೊಚ್ಚಬಹುದು." ಕೌದಿಯ ಅಂಚು ಹಿಡಿದು, "ಇಲ್ಲಾ ಹಿಂಗ ಧಾರವಾಡಕ್ಕ ಕೊಡ್ರಿ. ಹೋದ ಥಂಡಿಯನ್ನ ಮೈಗೆ ಮುಟ್ಟಿಸಿ ತೋರಿಸಲಿಕ್ಕೆ ನನ್ನ ಹತ್ರ ಮತ್ತೇನೂ ಇಲ್ಲ," ಎಂದಳು.

ಶೋಭಕ್ಕ ಎದ್ದು ಕೌದಿಯನ್ನು ತೊಟ್ಟಿಲಿಂದ ತೆಗೆದು, ಗಂಡ ಕೂರುತ್ತಿದ್ದ ಬೆತ್ತದ ಕುರ್ಚಿಯ ಮೇಲೆ ಕುಳಿತು, ಮೈತುಂಬ ಹೊದ್ದುಕೊಂಡಳು. ಕೌದಿ ಅವಳ ಭುಜಕ್ಕೆ ಹೊಂದಿಕೊಂಡಿತು. ನೀಲಿ ತುಂಡು ಎದೆಯ ಮೇಲೆ ಬಿಗಿದು ದಪ್ಪಗಾಯಿತು. ಹಣೆಯಲ್ಲಿ ಬೆವರು ಮೂಡಿತು, ಕುತ್ತಿಗೆಗೆ ಇಳಿಯಿತು, ಕುಪ್ಪಸ ತೋಯಿತು. ಉಸಿರು ಕಟ್ಟಿ ಬಂದಾಗಲೂ ಅವಳು ಅದನ್ನು ತೆಗೆಯಲಿಲ್ಲ.

"ಇಷ್ಟು ಬೆಚ್ಚಗ ಬೇಕಿತ್ತೇನ್ರಿ ಅವರಿಗೆ?" ಎಂದಳು. "ಇಷ್ಟು ಥಂಡ್ಯಾಗ ಏಳ್ತಿದ್ರೇನು ದಿನಾ? ನಾ ಹಾಸಿಗ್ಯಾಗ ಮಲಗಿರ್ತಿದ್ದೆ. ಒಂದು ದಿನಾನೂ ಹೇಳಲಿಲ್ಲ ನನ್ನ ಮುಂದ."

ಆದ್ಯಾಳ ಸಿಟ್ಟು ಇಳಿಯಿತು. ಕೂಸನ್ನು ಮಡಿಲಲ್ಲಿಟ್ಟುಕೊಂಡೇ ಬಂದು ತಾಯಿಯ ಕಾಲ ಬಳಿ ಕುಳಿತಳು.

ಶೋಭಕ್ಕ ಕೊನೆಗೆ ಕೌದಿ ತೆಗೆದು ಮಡಚಿದಳು. ಮಡಚುವಾಗ ನೀಲಿ ತುಂಡು ಒಳಗಡೆ ಬರುವಂತೆ ನೋಡಿಕೊಂಡಳು. "ತೊಳೀಬ್ಯಾಡ್ರಿ. ಒಯ್ರಿ. ಇವರು ಅಂಗಡಿಗೆ ಬಂದವರಿಗೆ ಅರಬಿ ಮುಟ್ಟಿ ನೋಡ್ರಿ, ಮುಟ್ಟಿ ನೋಡ್ರಿ ಅಂತಿದ್ರು. ನೀವೂ ಮಂದೀನ ಕರದು ಮುಟ್ಟಸ್ರಿ."

ನಿವೇದಿತಾ ಎರಡೂ ಕೈಯಿಂದ ಅದನ್ನು ತೆಗೆದುಕೊಂಡಳು. ಹೊರಡುವ ಮುನ್ನ ಒಂದು ಸಂಶಯ ಅವಳನ್ನು ತಡೆಯಿತು. ಚೀಲದಿಂದ ಭೂತಗನ್ನಡಿ ತೆಗೆದು ತಾನು ಉಟ್ಟ ಸೀರೆಯ ಸೆರಗಿನ ಮೇಲೆ ಹಿಡಿದಳು. ಅದೂ ಬಾರಾಮಾಸಿಯೇ. ವರ್ಷದ ಅತಿ ಚಿಕ್ಕ ಹಗಲುಗಳಲ್ಲಿ, ಬೆಳಗಿನ ಹೊತ್ತಿನಲ್ಲಿ, ಅದರ ಎಳೆಗಳು ಅರ್ಧಕ್ಕಿಂತ ಹೆಚ್ಚು ಸುರುಳಿಯಾಗಿರಬೇಕಿತ್ತು. ಒಂದು ಸುರುಳಿಯೂ ಇರಲಿಲ್ಲ. ಎಲ್ಲ ಎಳೆಗಳೂ ಬಾಚಿದ ಕೂದಲಿನ ಹಾಗೆ ನೆಟ್ಟಗೆ ಚಾಚಿದ್ದವು. ರಂಧ್ರಗಳು ಪೂರ್ತಿ ತೆರೆದಿದ್ದವು. ಶೋಭಕ್ಕನ ಸೀರೆಯನ್ನು ನೋಡಿದಳು, ಆದ್ಯಾಳ ಅಂಗಿಯನ್ನು ನೋಡಿದಳು. ಎಲ್ಲೂ ಹಾಗೆಯೇ ಇತ್ತು. ಕಿಟಕಿಯ ಹೊರಗೆ ಹಾಲಿನವನು, ಶಾಲೆಯ ಮಕ್ಕಳು, ತರಕಾರಿ ಗಾಡಿಯ ಹೆಂಗಸು ನೆಮ್ಮದಿಯಿಂದ ಓಡಾಡುತ್ತಿದ್ದರು. ಅವರ ಬಟ್ಟೆಗಳು ಯಾರಿಗೂ ಹೇಳದೆ ತಮ್ಮ ಕೊನೆಯ ಬಾಗಿಲನ್ನೂ ತೆರೆದು ನಿಂತಿದ್ದವು.

"ಏನಾತ್ರಿ?" ಎಂದಳು ಶೋಭಕ್ಕ.

"ಮಾರ್ಗಶಿರದಾಗ ಇದು ಪೂರ್ತಿ ತೆರದದ. ಇನ್ನ ತೆರೀಲಿಕ್ಕೆ ಜಾಗಾ ಇಲ್ಲ."

ಶೋಭಕ್ಕನಿಗೆ ಎಳೆ, ಪದರ, ತಿರುಚು ಒಂದೂ ತಿಳಿದಿರಲಿಲ್ಲ. ಅಂಗಡಿಯವನ ಹೆಂಡತಿಯಾಗಿ ಮುಂದಿನ ಹಂಗಾಮಿನ ಚಿಂತೆ ಮಾತ್ರ ಅವಳಿಗೆ ರೂಢಿಯಾಗಿತ್ತು. "ಮತ್ತ ಬ್ಯಾಸಿಗ್ಯಾಗ ಹ್ಯಾಂಗ್ರಿ?" ಎಂದು ಕೇಳಿದಳು.

ನಿವೇದಿತಾಳ ಕಂಕುಳಲ್ಲಿದ್ದ ಕೌದಿ ಅವಳ ಮೈಯನ್ನು ಬೆಚ್ಚಗಿಡಲು ಮೆಲ್ಲಗೆ ಉಬ್ಬಿತು.

ಇದು ಇನ್ನೂ ಬಾರದ ವರ್ಷಗಳ ಕತೆ. ನಮ್ಮ ಕಾಲದಲ್ಲಿ ಬಾರಾಮಾಸಿ ಇಲ್ಲ, ಬಟ್ಟೆಗೆ ನೆನಪೂ ಇಲ್ಲ. ಆದರೆ ನಿಮ್ಮ ಮನೆಯ ಕಪಾಟಿನ ಮೇಲಿನ ಅರೆಯಲ್ಲಿ, ನುಸಿಗುಳಿಗೆಯ ವಾಸನೆಯ ನಡುವೆ, ಒಂದು ಸ್ವೆಟರ್ ಇದ್ದೀತು. ಕಳೆದ ಸಲ ಅದನ್ನು ಕೆಳಗಿಳಿಸಿ ಬಿಸಿಲಿಗೆ ಹಾಕಿ, "ಈ ವರ್ಷ ಯಾಕೋ ಬೇಕಾಗಲೇ ಇಲ್ಲ ನೋಡು," ಎಂದು ಮತ್ತೆ ಮಡಚಿ ಇಟ್ಟಿರಿ. ಒಂದು ಖರ್ಚು ಉಳಿಯಿತು ಎಂದು ಸಂತೋಷವೂ ಆಗಿರಬೇಕು. ಅದಕ್ಕೂ ಹಿಂದಿನ ವರ್ಷ ಬೇಕಾಗಿತ್ತೇ? ಮನೆಯಲ್ಲಿ ಒಮ್ಮೆ ಕೇಳಿ ನೋಡಿ.